ಸಭೆಯ ಸೇವೆ: ಬೆಂಚಿನಲ್ಲಿ ಕುಳಿತವರು ಏಕೆ ಬರೆಯಬೇಕು

ನಾನು ಪಾದ್ರಿಯಲ್ಲ, ದೇವಶಾಸ್ತ್ರ ಓದಿ ಪದವಿ ಪಡೆದವಳೂ ಅಲ್ಲ. ಮಂಗಳೂರಿನ ಬ್ಯಾಂಕೊಂದರಲ್ಲಿ ಲೆಕ್ಕಪತ್ರ ನೋಡಿಕೊಂಡು ನಿವೃತ್ತಳಾದವಳು. ದಕ್ಷಿಣ ಭಾರತ ಸಭೆ, ಅಂದರೆ ಸಿ.ಎಸ್.ಐ., ಅದರ ಒಬ್ಬ ಸಾಮಾನ್ಯ ಸದಸ್ಯೆ. ಕೆಲವು ವರ್ಷಗಳಿಂದ ನಾನು ಬರೆಯುತ್ತಾ ಬಂದಿರುವುದು ಹೆಚ್ಚುಕಡಿಮೆ ಒಂದೇ ವಿಷಯ: ಸಭೆಯ ಸೇವೆ. ಭಾನುವಾರದ ಪ್ರಸಂಗ, ಮನೆಭೇಟಿ, ಆಸ್ಪತ್ರೆಯ ಪ್ರಾರ್ಥನೆ, ಮದುವೆ, ಶವಸಂಸ್ಕಾರ, ಸಂಡೇ ಸ್ಕೂಲು, ಸ್ತ್ರೀ ಸಮಾಜದ ಕೂಟ, ಎರಡು ಮನೆಗಳ ನಡುವಿನ ಜಗಳ ಬಿಡಿಸುವುದು, ಇವೆಲ್ಲ ಸೇರಿ ಸೇವೆ. ನಮ್ಮಲ್ಲಿ ಸಭಾಪಾಲಕರನ್ನು ಅಯ್ಯನವರು ಎಂದು ಕರೆಯುತ್ತೇವೆ. "ಅದನ್ನೆಲ್ಲ ಬರೆಯುವುದಕ್ಕೆ ಅಯ್ಯನವರು ಇದ್ದಾರಲ್ಲ, ನಿಮಗೇಕೆ ಆ ಉಸಾಬರಿ?" ಎಂದು ಹಲವರು ಕೇಳಿದ್ದಾರೆ. ಪ್ರೀತಿಯಿಂದ ಕೇಳಿದವರೂ ಇದ್ದಾರೆ, ಕೋಪದಿಂದ ಕೇಳಿದವರೂ ಇದ್ದಾರೆ. ಇಬ್ಬರಿಗೂ ಉತ್ತರ ಹೇಳಲು ಈ ಅವಕಾಶ ಬಳಸಿಕೊಳ್ಳುತ್ತೇನೆ.

ಮೊದಲು ನಮ್ಮ ಸಭೆಯ ಹಳೆಯ ಕಥೆ. 1834ರ ಅಕ್ಟೋಬರ್ 30ರಂದು ಬಾಸೆಲ್ ಮಿಶನ್ ಸಂಸ್ಥೆಯ ಮಿಶನರಿಗಳಾದ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಮಂಗಳೂರಿಗೆ ಬಂದರು. ಅಲ್ಲಿಂದ ಮುಂದಿನ ಕಥೆ ಕರಾವಳಿಯವರಿಗೆ ಚೆನ್ನಾಗಿ ಗೊತ್ತು. ಅದೇ ಮಿಶನ್ನಿನ ಮೋಗ್ಲಿಂಗರು 1843ರ ಜುಲೈ ಒಂದರಂದು ಕಲ್ಲಚ್ಚಿನಲ್ಲಿ ಹೊರತಂದ 'ಮಂಗಳೂರ ಸಮಾಚಾರ' ಪತ್ರಿಕೆ, 1865ರಲ್ಲಿ ಜೆಪ್ಪುವಿನಲ್ಲಿ ಶುರುವಾದ ಹಂಚಿನ ಕಾರ್ಖಾನೆ, 1894ರಲ್ಲಿ ಬೆಳಕು ಕಂಡ ಕಿಟ್ಟೆಲರ ಕನ್ನಡ ನಿಘಂಟು. ಈ ಕಥೆ ನಮಗೆ ಇಷ್ಟು ವಿವರವಾಗಿ ಗೊತ್ತಿರುವುದು ಅವರು ಬರೆದಿಟ್ಟದ್ದರಿಂದ. ಮಿಶನರಿಗಳು ತಮ್ಮ ಕೆಲಸದ ವರದಿಯನ್ನು ತಪ್ಪದೆ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರಕ್ಕೆ ಕಳಿಸಬೇಕಿತ್ತು. ಆ ಕಾಗದಗಳು ಇಂದಿಗೂ ಅಲ್ಲಿನ ಪತ್ರಾಗಾರದಲ್ಲಿವೆ. ಸಂಶೋಧಕರು ಹೋಗಿ ಓದುತ್ತಾರೆ, ಪುಸ್ತಕ ಬರೆಯುತ್ತಾರೆ. ನನಗೆ ಅದರ ಬಗ್ಗೆ ಗೌರವವಿದೆ.

ಆದರೆ ಆ ಮಿಶನರಿಗಳ ಜೊತೆ ಹಳ್ಳಿಹಳ್ಳಿ ನಡೆದವರು ಈ ಊರಿನ ಉಪದೇಶಿಗಳು. ಗಂಡಸರು ಕಾಲಿಡಲಾಗದ ಮನೆಗಳ ಒಳಕೋಣೆಗೆ ಹೋಗಿ, ಹೆಂಗಸರ ಪಕ್ಕದಲ್ಲಿ ಕುಳಿತು ಓದಿ ಹೇಳಿದವರು ಬೈಬಲ್ ಸ್ತ್ರೀಯರು. ಜಾತಿ ಬಿಟ್ಟು, ಮನೆ ಬಿಟ್ಟು ಬಂದವರಿಗೆ ಮೊದಲ ದಿನ ಗಂಜಿ ಬಡಿಸಿದವರು ಯಾವುದೋ ಮನೆಯ ಯಾರೋ ತಾಯಿ. ವರದಿಗಳಲ್ಲಿ ಇವರು ಬಂದರೂ ಇನ್ನೊಬ್ಬರ ಕಣ್ಣಿಗೆ ಕಂಡಂತೆ ಬರುತ್ತಾರೆ. ತಮಗೆ ಏನನ್ನಿಸಿತು, ಯಾವ ಮಾತು ಹಿಡಿಸಿತು, ಯಾವ ಮಾತು ಚುಚ್ಚಿತು ಎಂದು ಅವರೇ ಹೇಳಿಕೊಂಡದ್ದು ಬಹಳ ಕಡಿಮೆ. ಕನ್ನಡಕ್ಕೆ ಅಚ್ಚುಮೊಳೆ ಹೊಂದಿಸಿ ಕೊಟ್ಟ ಒಂದು ಸಮುದಾಯದ ಮನೆಮಾತು ಅಚ್ಚಾಗದೇ ಹೋಯಿತಲ್ಲ ಎಂಬ ಸಂಕಟ ನನ್ನದು. ನಾನು ಬರೆಯಲು ಕುಳಿತುಕೊಳ್ಳುವುದರ ಹಿಂದೆ ಮೊದಲಿಗೆ ಇರುವುದು ಆ ಸಂಕಟ.

1914ರ ಮಹಾಯುದ್ಧದ ಕಾಲವನ್ನೇ ನೋಡಿ. ಮಿಶನ್ನಿನಲ್ಲಿದ್ದ ಜರ್ಮನರನ್ನು ಬ್ರಿಟಿಷ್ ಸರಕಾರ ಬಂಧನದಲ್ಲಿಟ್ಟಿತು, ಆಮೇಲೆ ದೇಶದಿಂದ ಕಳಿಸಿಬಿಟ್ಟಿತು. ಹಂಚಿನ ಕಾರ್ಖಾನೆ, ನೇಯ್ಗೆಯ ಕಾರ್ಖಾನೆಗಳು ಕೈತಪ್ಪಿ ಕೊನೆಗೆ ಕಾಮನ್‌ವೆಲ್ತ್ ಟ್ರಸ್ಟಿನ ಪಾಲಾದವು. ಕೆಲಸ ಕೊಟ್ಟವರೂ ಮಿಶನ್ನಿನವರೇ, ದೇವಾಲಯ ಕಟ್ಟಿಸಿದವರೂ ಅವರೇ. ಅವರು ಇದ್ದಕ್ಕಿದ್ದಂತೆ ಇಲ್ಲವಾದಾಗ ಸಭೆ ನಿಂತುಹೋಗಬಹುದಿತ್ತು. ನಿಲ್ಲಲಿಲ್ಲ. ಈ ನೆಲದವರೇ ಆದ ಬೆರಳೆಣಿಕೆಯ ಪಾದ್ರಿಗಳು, ಉಪದೇಶಿಗಳು, ಸಭೆಯ ಹಿರಿಯರು, ಶಾಲಾ ಮಾಸ್ತರರು, ಕಾರ್ಖಾನೆಯ ಕೆಲಸಗಾರರು ಅದನ್ನು ಎತ್ತಿಹಿಡಿದರು. ಮಿಶನರಿಗಳ ಹೆಸರು ಹೇಳಿ ನಾವು ಪ್ರತಿವರ್ಷ ಕೃತಜ್ಞತೆ ಸಲ್ಲಿಸುತ್ತೇವೆ, ಸಲ್ಲಿಸಲೇಬೇಕು. ಆ ಯುದ್ಧಕಾಲದಲ್ಲಿ ಭಾನುವಾರದ ಗಂಟೆ ತಪ್ಪದಂತೆ ನೋಡಿಕೊಂಡವರ ಹೆಸರು ಹೇಳಿ ಎಂದರೆ ಮೊಮ್ಮಕ್ಕಳೂ ತಡವರಿಸುತ್ತಾರೆ.

ಇನ್ನು ಇಂದಿನ ಮಾತು. ನಮ್ಮ ಸಭೆಗಳಲ್ಲಿ ಅಯ್ಯನವರಿಗೆ ಕೆಲವು ವರ್ಷಕ್ಕೊಮ್ಮೆ ವರ್ಗವಾಗುತ್ತದೆ. ಅದು ಒಳ್ಳೆಯ ಏರ್ಪಾಡೇ. ಒಬ್ಬರ ಕೈಯಲ್ಲೇ ಸಭೆ ಉಳಿದುಬಿಡುವುದಿಲ್ಲ, ಬೇರೆಬೇರೆ ಸ್ವಭಾವದವರ ಸೇವೆ ಎಲ್ಲ ಊರಿಗೂ ಸಿಗುತ್ತದೆ. ಆದರೆ ಅದರಿಂದ ಒಂದು ಪರಿಣಾಮವಿದೆ. ಬಂದವರು ಹೋಗುತ್ತಾರೆ, ಉಳಿಯುವವರು ನಾವು. ಯಾವ ಮನೆಯಲ್ಲಿ ಮಗು ತೀರಿಕೊಂಡಿತ್ತು, ಯಾವ ಅಣ್ಣತಮ್ಮಂದಿರು ಪಾಲಿನ ಜಗಳದಿಂದ ದೇವಾಲಯದಲ್ಲೂ ಬೇರೆಬೇರೆ ಬದಿಯ ಬೆಂಚಿನಲ್ಲಿ ಕೂರುತ್ತಾರೆ, ಯಾರು ಕರ್ತನ ಭೋಜನಕ್ಕೆ ಏಳದೆ ಕೂತಲ್ಲೇ ಕೂತಿರುತ್ತಾರೆ, ಏಕೆ ಕೂತಿರುತ್ತಾರೆ, ಇದೆಲ್ಲ ಹೊಸದಾಗಿ ಬಂದ ಅಯ್ಯನವರಿಗೆ ಯಾವ ರಿಜಿಸ್ಟರಿನಲ್ಲೂ ಸಿಗುವುದಿಲ್ಲ. ರಿಜಿಸ್ಟರಿನಲ್ಲಿ ದೀಕ್ಷಾಸ್ನಾನದ ತಾರೀಕಿದೆ, ಮದುವೆಯ ತಾರೀಕಿದೆ, ಮರಣದ ತಾರೀಕಿದೆ. ಆ ತಾರೀಕುಗಳ ನಡುವೆ ಬಾಳಿದ ಬಾಳು ಸಭಿಕರ ನೆನಪಿನಲ್ಲಿದೆ. ಸಭೆಯ ನೆನಪಿನ ಭಂಡಾರ ಇರುವುದು ಬೆಂಚುಗಳ ಮೇಲೆ, ಅಯ್ಯನವರ ಬಂಗಲೆಯಲ್ಲಲ್ಲ. ಆ ನೆನಪು ಇರುವವರು ಬರೆಯದಿದ್ದರೆ ಪ್ರತಿ ವರ್ಗಾವಣೆಗೂ ಸೇವೆ ಮತ್ತೆ ಮೊದಲಿನಿಂದ ಶುರುವಾಗುತ್ತದೆ. ಇದನ್ನು ನಾನು ಸಭಾ ಸಮಿತಿಯಲ್ಲಿದ್ದಾಗ ಹತ್ತಿರದಿಂದ ಕಂಡಿದ್ದೇನೆ. ಹಳಬರು ಪಟ್ಟ ಕಷ್ಟವನ್ನೇ ಹೊಸಬರೂ ಪಡುತ್ತಾರೆ, ಅದೇ ಮನೆಯ ಬಾಗಿಲಲ್ಲಿ, ಅದೇ ಕಾರಣಕ್ಕೆ.

ಸೇವೆ ಮಾಡಿದವರಿಗೆ ಕಾಣದ್ದು ಸೇವೆ ಪಡೆದವರಿಗೆ ಕಾಣುತ್ತದೆ. ಇದು ನನಗೆ ಖಚಿತವಾದದ್ದು ನನ್ನ ತಾಯಿಯ ಕೊನೆಯ ಕಾಯಿಲೆಯ ದಿನಗಳಲ್ಲಿ.

ಅಮ್ಮ ಹಾಸಿಗೆ ಹಿಡಿದಿದ್ದರು. ದಿನಗಟ್ಟಲೆ ಮಾತೇ ಇರಲಿಲ್ಲ. ಕರೆದರೆ ಕಣ್ಣು ಬಿಡುತ್ತಿದ್ದರು, ಅಷ್ಟೆ. ಆಗ ನಮ್ಮ ಸಭೆಗೆ ಹೊಸದಾಗಿ ಒಬ್ಬ ಚಿಕ್ಕ ವಯಸ್ಸಿನ ಅಯ್ಯನವರು ಬಂದಿದ್ದರು. ಮಳೆಗಾಲದ ಸಂಜೆ. ಛತ್ರಿಯನ್ನು ಜಗಲಿಯಲ್ಲಿ ಬಿಡಿಸಿಟ್ಟು, ಕಾಲು ತೊಳೆದುಕೊಂಡು ಒಳಗೆ ಬಂದರು. ಬೈಬಲ್ ತೆರೆದು ಕೀರ್ತನೆ ಓದಲು ಹೊರಟವರು ಅಮ್ಮನ ಮುಖ ನೋಡಿ ಪುಸ್ತಕವನ್ನು ಮಡಿಲಲ್ಲಿಟ್ಟುಕೊಂಡರು. ಮಂಚದ ಪಕ್ಕದ ಸ್ಟೂಲಿನ ಮೇಲೆ ಕುಳಿತು ಕೈ ಹಿಡಿದುಕೊಂಡರು. ಸ್ವಲ್ಪ ಹೊತ್ತು ಬಿಟ್ಟು, "ಅಮ್ಮಾ, ನಿಮ್ಮ ಮದುವೆ ಆದದ್ದು ಯಾವ ದೇವಾಲಯದಲ್ಲಿ?" ಎಂದು ಕೇಳಿದರು. ಸಾಯುವವರನ್ನು ನೋಡಲು ಬಂದವರು ಕೇಳುವ ಪ್ರಶ್ನೆ ಅದಲ್ಲವಲ್ಲ ಎಂದು ನಾನು ಅಂದುಕೊಳ್ಳುವಷ್ಟರಲ್ಲಿ ಅಮ್ಮನ ತುಟಿ ಅಲುಗಿತು. ಮೊದಲು ಊರಿನ ಹೆಸರು. ಆಮೇಲೆ, ಆ ದಿನವೂ ಮಳೆ ಎಂದರು. ಹೊಳೆ ದಾಟಿಸಿದ ದೋಣಿಯ ಮಾತು ಬಂತು, ಸೀರೆಯ ಅಂಚು ಒದ್ದೆಯಾದದ್ದು ಬಂತು, ಅವರಿಗೆ ಮದುವೆ ಮಾಡಿಸಿದ ಮುದಿ ಅಯ್ಯನವರ ಗಡ್ಡದ ಮಾತು ಬಂತು. ತಡೆತಡೆದು, ಉಸಿರು ತೆಗೆದುಕೊಂಡು, ತುಳುವಿನಲ್ಲಿ. ನಾವು ಮಕ್ಕಳು ಯಾರೂ ಎಂದೂ ಕೇಳಿರದ ವಿವರಗಳು. ಕೊನೆಗೆ ಅಯ್ಯನವರು ಕಿರಿದಾಗಿ ಪ್ರಾರ್ಥನೆ ಮಾಡಿ, ನಾನು ಕೊಟ್ಟ ಕಾಫಿ ಕುಡಿದು ಹೊರಟರು. ಆಮೇಲೆ ಅಮ್ಮ ಹೆಚ್ಚು ದಿನ ಇರಲಿಲ್ಲ. ಆದರೆ ಇದ್ದ ಅಷ್ಟು ದಿನವೂ ನಮ್ಮ ಜೊತೆ ಮಾತಾಡಿದರು.

ಆ ಅಯ್ಯನವರ ತಿಂಗಳ ವರದಿಯಲ್ಲಿ ಅದು ಮನೆಭೇಟಿಗಳ ಲೆಕ್ಕದಲ್ಲಿ ಒಂದು ಭೇಟಿ. ತಾವು ಏನು ಮಾಡಿದೆವೆಂದು ಅವರಿಗೆ ಪೂರ್ತಿ ಗೊತ್ತಿರಲು ಸಾಧ್ಯವೂ ಇಲ್ಲ. ಅವರು ಹೋದ ಮೇಲೆ ನಮ್ಮ ಮನೆಯೊಳಗೆ ನಡೆದದ್ದು ನಮಗಷ್ಟೇ ಗೊತ್ತು. ಪಾದ್ರಿಗಳಾಗಲು ಕಲಿಯುವ ವಿದ್ಯಾರ್ಥಿಗೆ ರೋಗಿಯ ಮನೆಗೆ ಹೋಗುವುದು ಹೇಗೆಂದು ಪಾಠ ಇದ್ದೇ ಇರುತ್ತದೆ. ಆ ಪಾಠಕ್ಕೆ ರೋಗಿಯ ಮಗಳು ಬರೆದ ಒಂದು ಪುಟವೂ ಸೇರಬೇಡವೇ? ನಾನು ಆ ಪುಟ ಬರೆದೆ. ನನ್ನ ಬರವಣಿಗೆ ಶುರುವಾದದ್ದೇ ಅಲ್ಲಿಂದ.

ಹಾಗೆಂದು ಒಳ್ಳೆಯದನ್ನು ಮಾತ್ರ ಬರೆಯುತ್ತೇನೆಂದಲ್ಲ. ಇಂಥದೇ ಇನ್ನೊಂದು ಮನೆಯಲ್ಲಿ, ಮಗ ತಾನಾಗಿ ಪ್ರಾಣ ಕಳೆದುಕೊಂಡ ಮನೆಯಲ್ಲಿ, ಭೇಟಿಗೆ ಬಂದವರು ಪ್ರಸಂಗದಂತೆ ಉದ್ದಕ್ಕೆ ಮಾತಾಡಿದ್ದರಿಂದ ತಾಯಿಯ ಎದೆ ಒಡೆದುಹೋದದ್ದನ್ನೂ ನಾನು ಕಂಡಿದ್ದೇನೆ. ಮಾತಾಡಿದವರಿಗೆ ಕೆಟ್ಟ ಮನಸ್ಸಿರಲಿಲ್ಲ. ಆ ತಾಯಿ ಮುಂದೆ ಎಷ್ಟೋ ಕಾಲ ದೇವಾಲಯದ ಮೆಟ್ಟಿಲು ಹತ್ತಲಿಲ್ಲ. ಏಕೆ ಬರುತ್ತಿಲ್ಲವೆಂದು ಸಮಿತಿಯಲ್ಲಿ ಚರ್ಚೆಯಾಯಿತು. ಆಕೆಯನ್ನೇ ಕೇಳಿ ಬರೆದುಕೊಂಡವರು ಇಲ್ಲ. ಇಂಥ ನೋವಿಗೆ ಒಂದು ಜಾಗ ಬೇಕು. ಅದು ದೂರಿನ ಅರ್ಜಿ ಆಗಬಾರದು.

ಅರ್ಜಿಯ ಮಾತು ಬಂದದ್ದರಿಂದ ಇದನ್ನೂ ಹೇಳಿಬಿಡುತ್ತೇನೆ. ಸಭಿಕರು ಬರೆಯುವುದೇ ಇಲ್ಲ ಎನ್ನುವುದು ಸರಿಯಲ್ಲ. ಬರೆಯುತ್ತೇವೆ, ಬಹಳ ಬರೆಯುತ್ತೇವೆ. ಚುನಾವಣೆ ಬಂದಾಗ ಕರಪತ್ರ, ಆಸ್ತಿಯ ತಕರಾರು ಬಂದಾಗ ಕೋರ್ಟಿಗೆ ಅಫಿದವಿತ್ತು, ಅಯ್ಯನವರು ಹಿಡಿಸದಿದ್ದಾಗ ಬಿಷಪರಿಗೆ ಸಹಿ ಸಂಗ್ರಹಿಸಿದ ಪತ್ರ. ನಮ್ಮ ಸಿ.ಎಸ್.ಐ. ಆಡಳಿತದಲ್ಲಿ ಸಾಮಾನ್ಯ ಸದಸ್ಯರಿಗೆ ದೊಡ್ಡ ಪಾಲಿದೆ. ಸಭಾ ಸಮಿತಿಯಿಂದ ಹಿಡಿದು ಡಯಾಸಿಸ್ ಕೌನ್ಸಿಲಿನವರೆಗೆ, ಸಿನೊಡ್‌ವರೆಗೆ ನಮ್ಮ ಪ್ರತಿನಿಧಿಗಳು ಕೂರುತ್ತಾರೆ, ಮತ ಹಾಕುತ್ತಾರೆ. 1947ರ ಸೆಪ್ಟೆಂಬರ್ 27ರಂದು ಮದ್ರಾಸಿನಲ್ಲಿ ಈ ಸಭೆ ಉದ್ಘಾಟನೆಯಾದಾಗ ಬೇರೆಬೇರೆ ಸಂಪ್ರದಾಯದ ಸಭೆಗಳು ತಮ್ಮ ಗೋಡೆ ಇಳಿಸಿ ಒಂದಾದವು. ಅಷ್ಟು ದೊಡ್ಡ ಧೈರ್ಯದಿಂದ ಹುಟ್ಟಿದ ಸಭೆಯಲ್ಲಿ ನಮ್ಮ ಬರವಣಿಗೆ ಸಹಿ ಸಂಗ್ರಹದ ಮಟ್ಟಕ್ಕೆ ನಿಂತಿರುವುದು ನನಗೆ ದುಃಖ ಕೊಡುತ್ತದೆ. ಮತ ಚಲಾಯಿಸುವ ಹಕ್ಕಿನ ಜೊತೆ ಯೋಚಿಸಿ ಬರೆಯುವ ಹೊಣೆಯೂ ಬಂದಿದೆ. ಹಕ್ಕನ್ನು ಉಳಿಸಿಕೊಂಡೆವು, ಹೊಣೆಯನ್ನು ಅಯ್ಯನವರಿಗೆ ಬಿಟ್ಟುಕೊಟ್ಟೆವು.

ಹಿಂದಿನವರು ಹೀಗಿರಲಿಲ್ಲ. 1938ರಲ್ಲಿ ಮದ್ರಾಸಿನ ಬಳಿಯ ತಾಂಬರಂನಲ್ಲಿ ಲೋಕದ ಮಿಶನ್ ಸಂಸ್ಥೆಗಳ ದೊಡ್ಡ ಸಮ್ಮೇಳನ ನಡೆಯಿತು. ಆ ಸಂದರ್ಭಕ್ಕೆಂದೇ 'ರೀಥಿಂಕಿಂಗ್ ಕ್ರಿಶ್ಚಿಯಾನಿಟಿ ಇನ್ ಇಂಡಿಯಾ' ಎಂಬ ಪುಸ್ತಕ ಬಂತು. ಅದರ ಹಿಂದಿದ್ದ ಪಿ. ಚೆಂಚಯ್ಯ ಪಾದ್ರಿಯಲ್ಲ, ವಕೀಲರು, ಪುದುಕೋಟೆ ಸಂಸ್ಥಾನದಲ್ಲಿ ನ್ಯಾಯಾಧೀಶರಾಗಿದ್ದವರು. ಅವರ ಜೊತೆಗಾರ ವಿ. ಚಕ್ಕರೈ ಕೂಡ ವಕೀಲರೇ. ಹೊರದೇಶದಿಂದ ಬಂದ ಸಭಾ ವ್ಯವಸ್ಥೆಯೇ ಕ್ರಿಸ್ತನ ದಾರಿಗೆ ಅಡ್ಡ ನಿಂತಿದೆಯೇ ಎಂದು ಅವರು ಎದುರೆದುರೇ ಕೇಳಿದರು. ಅವರ ಎಲ್ಲ ಮಾತನ್ನೂ ನಾನು ಒಪ್ಪಲಾರೆ. ಸಭೆಯಿಲ್ಲದ ಕ್ರೈಸ್ತ ಬದುಕು ನನಗೆ ಕಲ್ಪನೆಗೂ ಬಾರದು. ಆದರೆ ಕೇಳುವ ಅಧಿಕಾರ ತಮಗಿದೆಯೆಂದು ಅವರು ತಿಳಿದಿದ್ದರು. ಅವರಾದ ಮೇಲೆ ಎಂ.ಎಂ. ಥಾಮಸ್ ಬಂದರು. ಕೇರಳದ ಮಾರ್ ತೋಮ ಸಭೆಯವರು, ಬಹುಕಾಲ ನಮ್ಮ ಬೆಂಗಳೂರಿನಲ್ಲೇ ಇದ್ದು ಧರ್ಮ ಮತ್ತು ಸಮಾಜದ ಅಧ್ಯಯನ ಸಂಸ್ಥೆಯನ್ನು ನಡೆಸಿದವರು. ಲೋಕದ ಸಭೆಗಳ ಒಕ್ಕೂಟದ ಕೇಂದ್ರ ಸಮಿತಿಗೆ 1968ರಿಂದ 1975ರವರೆಗೆ ಅಧ್ಯಕ್ಷರಾಗಿದ್ದರು, ಮುಂದೆ ನಾಗಾಲ್ಯಾಂಡಿನ ರಾಜ್ಯಪಾಲರೂ ಆದರು. ದೇವಶಾಸ್ತ್ರದಲ್ಲಿ ಇಡೀ ಲೋಕವೇ ಕಿವಿಗೊಟ್ಟು ಕೇಳಿದ ಈ ವ್ಯಕ್ತಿ ಕೊನೆಯವರೆಗೂ ಪಾದ್ರಿ ದೀಕ್ಷೆ ಪಡೆದವರಲ್ಲ.

ಸಾಮಾನ್ಯ ಸದಸ್ಯರಿಗೂ ಸೇವೆಯಲ್ಲಿ ಪಾಲಿದೆ ಎಂಬ ವಿಚಾರ ನಮ್ಮ ಕಥೋಲಿಕ ಬಂಧುಗಳಲ್ಲೂ ಬೇರೂರಿದೆ. ಎರಡನೆಯ ವ್ಯಾಟಿಕನ್ ಮಹಾಸಭೆ 1965ರ ನವೆಂಬರ್‌ನಲ್ಲಿ ಸಾಮಾನ್ಯ ವಿಶ್ವಾಸಿಗಳ ಸೇವೆಯ ಬಗ್ಗೆಯೇ ಪ್ರತ್ಯೇಕ ಆಜ್ಞಾಪತ್ರ ಹೊರಡಿಸಿತು. ಮಂಗಳೂರಿನ ಕೊಂಕಣಿ ವಾರಪತ್ರಿಕೆ 'ರಾಕ್ಣೊ' 1938ರಿಂದ ಮನೆಮನೆ ತಲುಪುತ್ತಿದೆ. ಅಲ್ಲಿ ಮನೆಯವರೂ ಬರೆಯುತ್ತಾರೆ, ಮನೆಯವರೂ ಓದುತ್ತಾರೆ. ಆ ವಿಷಯದಲ್ಲಿ ನಮಗಿಂತ ಅವರು ಮುಂದೆ.

ಕನ್ನಡದ ಮಟ್ಟಿಗೆ ನನ್ನ ಕಣ್ಣ ಮುಂದೆ ನಿಲ್ಲುವವರು ಉತ್ತಂಗಿ ಚನ್ನಪ್ಪನವರು. ಅವರು ಬಾಸೆಲ್ ಮಿಶನ್ನಿನ ಪಾದ್ರಿ, ರೆವರೆಂಡ್. ಆದರೂ ಅವರು ಮಾಡಿದ ದೊಡ್ಡ ಕೆಲಸ ಯಾವುದು? ಜನರ ಬಾಯಲ್ಲೂ ಹಸ್ತಪ್ರತಿಗಳಲ್ಲೂ ಚೆದುರಿಹೋಗಿದ್ದ ಸರ್ವಜ್ಞನ ವಚನಗಳನ್ನು ತಾಳ್ಮೆಯಿಂದ ಕೂಡಿಸಿ 1924ರಲ್ಲಿ ಅಚ್ಚಿಗೆ ಕೊಟ್ಟದ್ದು. 1949ರಲ್ಲಿ ಕಲಬುರ್ಗಿಯ ಸಾಹಿತ್ಯ ಸಮ್ಮೇಳನಕ್ಕೆ ಕನ್ನಡಿಗರು ಅವರನ್ನು ಅಧ್ಯಕ್ಷರನ್ನಾಗಿ ಕೂರಿಸಿದರು. ಜನರ ಬಾಯಿಂದ ಬಂದದ್ದನ್ನು ಒಬ್ಬ ಪಾದ್ರಿ ಅಷ್ಟು ಗೌರವದಿಂದ ಬರೆದುಕೊಂಡಿರುವಾಗ, ಸಭೆಯ ಜನ ತಮ್ಮ ಮಾತನ್ನು ತಾವೇ ಹಗುರವಾಗಿ ಕಾಣುವುದು ಯಾವ ನ್ಯಾಯ?

ನನ್ನ ಬರವಣಿಗೆಗೆ ಇರುವ ಆಕ್ಷೇಪಗಳಲ್ಲಿ ಒಂದನ್ನು ನಾನು ಗಂಭೀರವಾಗಿ ತೆಗೆದುಕೊಳ್ಳುತ್ತೇನೆ. ನಾವು ಸಣ್ಣ ಸಮುದಾಯ. ಒಳಗಿನ ಕೊರತೆ ಹೊರಗೆ ಹೇಳಿದರೆ ಅದನ್ನೇ ಹಿಡಿದು ನಮ್ಮನ್ನು ಹಳಿಯುವವರು ಇದ್ದಾರೆ, ಈ ಕಾಲದಲ್ಲಂತೂ ಸುಮ್ಮನಿರುವುದು ಲೇಸು ಎನ್ನುತ್ತಾರೆ ಹಿರಿಯರು. ಅವರ ಭಯಕ್ಕೆ ಕಾರಣವಿದೆ, ನಾನು ಅಲ್ಲಗಳೆಯುವುದಿಲ್ಲ. ಅದಕ್ಕೇ ಪ್ರಾರ್ಥನೆಯಲ್ಲಿ ಹೇಳಿಕೊಂಡ ಮಾತನ್ನು ನಾನು ಎಂದೂ ಬರೆಯುವುದಿಲ್ಲ. ಯಾರ ಮನೆಯ ಸಂಗತಿಯನ್ನಾಗಲಿ ಅವರಿಗೆ ಓದಿ ಹೇಳದೆ ಅಚ್ಚಿಗೆ ಕಳಿಸುವುದಿಲ್ಲ. ಬೇಡ ಎಂದರೆ ಹರಿದು ಹಾಕುತ್ತೇನೆ. ಆದರೆ ಭಯದಿಂದ ಪೂರಾ ಬಾಯಿ ಮುಚ್ಚಿಕೊಂಡರೆ, ನಮ್ಮ ಬಗ್ಗೆ ಬರೆಯುವ ಕೆಲಸ ನಮ್ಮನ್ನು ಅರಿಯದವರ ಪಾಲಾಗುತ್ತದೆ. ನೆರೆಯ ಹಿಂದೂ, ಮುಸ್ಲಿಂ ಮನೆಯವರಿಗೆ ನಮ್ಮ ಕ್ರಿಸ್ಮಸ್ಸಿನ ಕುಸ್ವಾರು ತಿಂಡಿ ಗೊತ್ತು. ವರ್ಷವಿಡೀ ನಾವು ಒಬ್ಬರನ್ನೊಬ್ಬರು ನೋಡಿಕೊಳ್ಳಲು ಪಡುವ ಪಾಡು ಗೊತ್ತಾದರೆ ಅವರ ಮನಸ್ಸೂ ಹತ್ತಿರವಾದೀತು.

ಅಯ್ಯನವರ ಪರವಾಗಿಯೂ ಒಂದು ಮಾತು. ಅವರ ದಣಿವನ್ನು ಅವರು ಬರೆದುಕೊಳ್ಳುವಂತಿಲ್ಲ. ಬೆಳಿಗ್ಗೆ ಶವಸಂಸ್ಕಾರ, ಮಧ್ಯಾಹ್ನ ಮದುವೆ, ಸಂಜೆ ಸಮಿತಿಯ ಸಭೆ. ಎಲ್ಲ ಕಡೆಯೂ ಆಯಾ ಮುಖಭಾವ ಹೊತ್ತು ನಿಲ್ಲಬೇಕು. ಅವರ ಹೆಂಡತಿ ಉಟ್ಟ ಸೀರೆ, ಮಕ್ಕಳು ತೆಗೆದ ಅಂಕ, ಎಲ್ಲದರ ಮೇಲೂ ಸಭೆಯ ಕಣ್ಣು. ಮಗ ಶಾಲೆ ಬದಲಿಸಿ ಬದಲಿಸಿ ಗೆಳೆಯರೇ ಇಲ್ಲದಂತಾದ ಎಂದು ಒಬ್ಬ ಅಯ್ಯನವರ ಹೆಂಡತಿ ನಮ್ಮ ಅಡುಗೆಮನೆಯಲ್ಲಿ ನಿಂತು ಅತ್ತಿದ್ದರು. ಇದನ್ನು ಅವರೇ ಬರೆದರೆ ಗೊಣಗಾಟ ಎನ್ನುತ್ತಾರೆ. ಬೆಂಚಿನಲ್ಲಿ ಕೂತವರು ಬರೆದರೆ ಸಭೆ ಕೇಳಿಸಿಕೊಳ್ಳುತ್ತದೆ.

ಶನಿವಾರ ಸಂಜೆ ದೇವಾಲಯಕ್ಕೆ ಹೋಗಿ ನೋಡಿದರೆ ಸೇವೆಯ ಇನ್ನೊಂದು ಮುಖ ಕಾಣುತ್ತದೆ. ಒಬ್ಬಾಕೆ ವೇದಿಯ ಮೇಲಿನ ಬಟ್ಟೆಯನ್ನು ಇಸ್ತ್ರಿ ಮಾಡಿ ತಂದು, ಶಿಲುಬೆಯ ಕಸೂತಿ ಸರಿಯಾಗಿ ನಡುವೆ ಬರುವಂತೆ ಎಳೆದು ಹಾಸುತ್ತಾರೆ. ಒಬ್ಬರು ಕರ್ತನ ಭೋಜನದ ಪಾತ್ರೆಗಳನ್ನು ತೊಳೆದು, ಹಳೆಯ ಬಿಳಿ ಪಂಚೆಯ ತುಂಡಿನಿಂದ ಒರೆಸಿ, ಬೆಳಕಿಗೆ ಹಿಡಿದು ಕಲೆ ಉಳಿದಿದೆಯೇ ನೋಡುತ್ತಾರೆ. ಒಬ್ಬ ಹುಡುಗ ಸ್ಟೂಲು ಹತ್ತಿ ಮರುದಿನದ ಕೀರ್ತನೆಗಳ ನಂಬರುಗಳನ್ನು ಹಲಗೆಗೆ ಸಿಕ್ಕಿಸುತ್ತಾನೆ. ಆರನೆಯ ಅಂಕಿ ಕಳೆದುಹೋಗಿ ಬಹಳ ದಿನವಾಗಿದೆ, ಒಂಬತ್ತನ್ನೇ ತಲೆಕೆಳಗು ಮಾಡಿ ಹಾಕುತ್ತಾನೆ. ಯಾರಿಗೂ ಸಂಬಳವಿಲ್ಲ. ವಾರ್ಷಿಕ ವರದಿಯಲ್ಲಿ "ಎಲ್ಲ ಸಹಾಯಕರಿಗೂ ವಂದನೆಗಳು" ಎಂಬ ಒಂದು ವಾಕ್ಯದಲ್ಲಿ ಇವರೆಲ್ಲ ಸೇರಿಹೋಗುತ್ತಾರೆ.

ಬೈಬಲಿನ ಪೌಲನು ಹೀಗೆ ಮಾಡಲಿಲ್ಲ. ರೋಮಾಪುರದವರಿಗೆ ಬರೆದ ಪತ್ರದ ಕೊನೆಯ ಅಧ್ಯಾಯ ತೆರೆದು ನೋಡಿ. ಪ್ರಸಂಗಕ್ಕೆ ಹೆಚ್ಚಾಗಿ ಯಾರೂ ಆರಿಸಿಕೊಳ್ಳದ ಅಧ್ಯಾಯ ಅದು, ಉದ್ದಕ್ಕೂ ಹೆಸರುಗಳೇ. ಫೊಯಿಬೆ, ಪ್ರಿಸ್ಕ, ಅಕ್ವಿಲ, ಇನ್ನೂ ಅನೇಕರು. ಯಾರು ಕಷ್ಟಪಟ್ಟರು, ಯಾರು ಮನೆಯನ್ನೇ ಸಭೆಗೆ ಬಿಟ್ಟುಕೊಟ್ಟರು, ಯಾರ ತಾಯಿ ತನಗೂ ತಾಯಿಯಂತಿದ್ದಳು ಎಂದು ಒಬ್ಬೊಬ್ಬರನ್ನೂ ಗುರುತಿಸಿ ಬರೆಸಿದ್ದಾನೆ. ಅವರಲ್ಲಿ ಗಂಡಸರಿದ್ದಾರೆ, ಹೆಂಗಸರಿದ್ದಾರೆ, ಪೌಲನಂತೆ ಗುಡಾರದ ಕೆಲಸ ಮಾಡಿ ಹೊಟ್ಟೆ ಹೊರೆದ ದಂಪತಿಯಿದ್ದಾರೆ. ಪೌಲ ಹೇಳುತ್ತಿದ್ದಂತೆ ಪತ್ರವನ್ನು ಬರೆದುಕೊಳ್ಳುತ್ತಿದ್ದವನು ತೆರ್ತ್ಯ. ನಡುವೆ ಅವನೂ ತನ್ನ ಹೆಸರು ಹೇಳಿ ಒಂದು ವಂದನೆ ಸೇರಿಸುತ್ತಾನೆ. ಜೀವಮಾನವಿಡೀ ಲೆಕ್ಕ ಬರೆದ ನನಗೆ ಆ ತೆರ್ತ್ಯನನ್ನು ಕಂಡರೆ ಬಹಳ ಪ್ರೀತಿ. ಸಭೆಯ ಸೇವೆಯ ಬಗ್ಗೆ ಬರೆಯುವುದು ಹೇಗೆಂದು ನನಗೆ ಯಾರಾದರೂ ಕೇಳಿದರೆ ಆ ಅಧ್ಯಾಯವನ್ನೇ ತೋರಿಸುತ್ತೇನೆ.

ನಮ್ಮ ಮಕ್ಕಳು ಈಗ ಬೆಂಗಳೂರಿನಲ್ಲಿದ್ದಾರೆ, ಗಲ್ಫ್‌ನಲ್ಲಿದ್ದಾರೆ. ಊರಿನ ಆರಾಧನೆಯನ್ನು ಫೋನಿನಲ್ಲಿ ನೋಡುತ್ತಾರೆ. ಫೋನಿನಲ್ಲಿ ಪ್ರಸಂಗ ಕಾಣುತ್ತದೆ, ಹಾಡು ಕೇಳುತ್ತದೆ. ಶನಿವಾರದ ಸಂಜೆ ಕಾಣುವುದಿಲ್ಲ, ಸ್ಟೂಲಿನ ಮೇಲೆ ಕುಳಿತು ಅಮ್ಮನ ಕೈ ಹಿಡಿದದ್ದು ಕಾಣುವುದಿಲ್ಲ. ಸೇವೆಯೆಂದರೆ ವೇದಿಕೆಯ ಮೇಲೆ ನಡೆಯುವುದು ಎಂದೇ ಅವರು ತಿಳಿದರೆ ನಾಳೆ ಅವರ ಊರಿನಲ್ಲಿ ಒಬ್ಬರು ಹಾಸಿಗೆ ಹಿಡಿದಾಗ ಬಾಗಿಲು ತಟ್ಟುವವರು ಯಾರು?

ಕೇಳುಗರಲ್ಲಿ ನನ್ನದೊಂದು ಕೋರಿಕೆಯಿದೆ. ನಿಮ್ಮ ಅಜ್ಜನೋ ಮುತ್ತಜ್ಜನೋ ಉಪದೇಶಿಯಾಗಿದ್ದಿರಬಹುದು, ದೊಡ್ಡಮ್ಮ ಬೈಬಲ್ ಸ್ತ್ರೀಯಾಗಿ ಊರೂರು ತಿರುಗಿದ್ದಿರಬಹುದು. ಅವರ ಡೈರಿ, ಕಾಗದ, ಖರ್ಚಿನ ಪುಸ್ತಕ, ಬೈಬಲಿನ ಅಂಚಿನಲ್ಲಿ ಗೀಚಿದ ಟಿಪ್ಪಣಿ ಅಟ್ಟದ ಮೇಲಿನ ಪೆಟ್ಟಿಗೆಯಲ್ಲಿ ಇದ್ದೀತು. ಹೋದ ವರ್ಷ ಒಂದು ಮನೆಯವರು ಇಂಥ ಪೆಟ್ಟಿಗೆ ತೆರೆದಾಗ ಗೆದ್ದಲು ಮಣ್ಣು ಮಾತ್ರ ಉಳಿಸಿತ್ತು. ಈ ಮಳೆಗಾಲಕ್ಕೆ ಮೊದಲು ಒಮ್ಮೆ ಇಳಿಸಿ ನೋಡಿ. ಇಟ್ಟುಕೊಳ್ಳಲು ಆಗದಿದ್ದರೆ ಬಲ್ಮಠದ ಕರ್ನಾಟಕ ಥಿಯಾಲಾಜಿಕಲ್ ಕಾಲೇಜಿನಲ್ಲಿ ಹಳೆಯ ಕಾಗದಪತ್ರಗಳನ್ನು ಕಾಪಾಡುವ ಪತ್ರಾಗಾರವಿದೆ, ಅಲ್ಲಿ ವಿಚಾರಿಸಿ. ಕೊಡಲು ಮನಸ್ಸಿಲ್ಲದಿದ್ದರೆ ಪ್ರತಿ ಮಾಡಿಸಿಯಾದರೂ ಇಡಿ. ಕಾಗದ ಏನೂ ಸಿಗದಿದ್ದರೆ ಮನೆಯಲ್ಲಿರುವ ಹಿರಿಯರ ಪಕ್ಕದಲ್ಲಿ ಕುಳಿತು, ಅವರ ಮದುವೆ ಯಾವ ದೇವಾಲಯದಲ್ಲಿ ಆಯಿತೆಂದು ಕೇಳಿ, ಹೇಳಿದ್ದನ್ನು ಹೇಳಿದ ಭಾಷೆಯಲ್ಲೇ ಬರೆದುಕೊಳ್ಳಿ. ತುಳುವಾದರೆ ತುಳು, ಕನ್ನಡವಾದರೆ ಕನ್ನಡ.